ಚೀಟಿಯ ಮಾತು, ಕಣ್ಣಿನ ಸಾಕ್ಷಿ

ಸಾಕ್ಷಿ ಹೇಳಲು ಬಂದವನಿಗೆ ಮೊದಲೇ ಪ್ರಕರಣದ ಕಥೆಯನ್ನೆಲ್ಲ ಹೇಳಿಬಿಟ್ಟು, ಅನಂತರ ‘ನೀನು ಕಂಡದ್ದನ್ನು ಮಾತ್ರ ಹೇಳು’ ಎಂದರೆ ಅವನು ಹೇಳುವುದು ಕಂಡದ್ದನ್ನೋ, ಕೇಳಿದ್ದನ್ನೋ? ನ್ಯಾಯಾಲಯಗಳಿಗೆ ಇದು ಹಳೆಯ ಪ್ರಶ್ನೆ. ಅದೇ ಪ್ರಶ್ನೆ ಇಂದು ಬೇರೊಂದು ರೂಪದಲ್ಲಿ ನಮ್ಮ ಮನೆಗಳ ಬಾಗಿಲಿಗೆ ಬಂದು ನಿಂತಿದೆ. ಮನೆಯ ಹಿರಿಯರ ಕೆಮ್ಮು ನಿಲ್ಲದು. ವೈದ್ಯರು ಎದೆಯ ಎಕ್ಸ್-ರೇ ತೆಗೆಸಿರೆಂದು ಒಂದು ಚೀಟಿ ಬರೆದುಕೊಡುತ್ತಾರೆ. ಆ ಚಿತ್ರವನ್ನು ಓದಿ ವರದಿ ಕೊಡುವ ವಿಕಿರಣತಜ್ಞರು, ಅಂದರೆ ನಾವು ರೇಡಿಯಾಲಜಿಸ್ಟ್ ಎಂದು ಕರೆಯುವವರು, ರೋಗಿಯ ಮುಖವನ್ನು ಬಹಳ ಸಲ ಕಂಡೇ ಇರುವುದಿಲ್ಲ. ಅವರ ಮುಂದೆ ಇರುವುದು ಒಂದು ನೆರಳು, ಮತ್ತು ಆ ಚೀಟಿ. ಅವರು ಚೀಟಿಯನ್ನು ಮೊದಲು ಓದಬೇಕೆ, ನೆರಳನ್ನು ಮೊದಲು ನೋಡಬೇಕೆ? ಚೀಟಿಯಲ್ಲಿ ಏನಿರಬೇಕು, ಏನಿರಬಾರದು? ಇದು ವೈದ್ಯರ ಕಸುಬಿನ ಒಳಗಿನ ಮಾತು, ನಮಗೇಕೆ ಎಂದು ಸುಮ್ಮನಿರಬಹುದಿತ್ತು. ಆದರೆ ಆ ಚೀಟಿಯಲ್ಲಿರುವ ಮಾತುಗಳು ಮೊದಲು ಹೊರಟದ್ದು ನಮ್ಮ ಬಾಯಿಯಿಂದ. ಆದಕಾರಣ ಈ ಪ್ರಶ್ನೆಯಲ್ಲಿ ನಮಗೂ ಪಾಲಿದೆ ಎಂಬ ಅಭಿಪ್ರಾಯದಿಂದ ಈ ಕೆಲವು ಮಾತುಗಳನ್ನು ವಾಚಕರ ಮುಂದಿಡುತ್ತಿದ್ದೇನೆ.

೧೮೯೫ರ ನವೆಂಬರಿನಲ್ಲಿ ಜರ್ಮನಿಯ ವುರ್ಟ್ಸ್‌ಬುರ್ಗ್ ನಗರದಲ್ಲಿ ರಾಂಟ್ಜನ್ ಮಹಾಶಯನು ಕ್ಷ-ಕಿರಣಗಳನ್ನು ಕಂಡುಹಿಡಿದನು. ಮರುತಿಂಗಳೇ ತನ್ನ ಪತ್ನಿಯ ಕೈಯ ಮೂಳೆಗಳನ್ನೂ ಬೆರಳಿನ ಉಂಗುರವನ್ನೂ ಚಿತ್ರದಲ್ಲಿ ಮೂಡಿಸಿ ತೋರಿಸಿದನು. ಒಳಗಿರುವುದು ಇನ್ನು ಮುಚ್ಚಿಕೊಂಡಿರಲಾರದು, ಯಂತ್ರ ಸುಳ್ಳು ಹೇಳಲಾರದು ಎಂದು ಜನ ನಂಬಿದರು. ಯಂತ್ರ ಸುಳ್ಳು ಹೇಳುವುದಿಲ್ಲ, ನಿಜ. ಆದರೆ ಅದು ಏನನ್ನೂ ಹೇಳುವುದೇ ಇಲ್ಲ. ಹೇಳಬೇಕಾದವನು ಮನುಷ್ಯ. ಎದೆಯ ಚಿತ್ರದಲ್ಲಿ ಬಲಭಾಗದ ಮೇಲ್ತುದಿಯಲ್ಲಿ ಒಂದು ಬಿಳಿಯ ಮಚ್ಚೆ ಕಂಡಿತೆನ್ನಿ. ಅದು ನ್ಯುಮೋನಿಯಾ ಆಗಿರಬಹುದು, ಕ್ಷಯವಾಗಿರಬಹುದು, ಗಂತಿಯಾಗಿರಬಹುದು, ಎಂದೋ ಬಂದು ಮಾಯ್ದುಹೋದ ರೋಗದ ಕಲೆಯೂ ಆಗಿರಬಹುದು. ಮೂರು ದಿನದ ಜ್ವರದ ಇಪ್ಪತ್ತೈದರ ತರುಣನಲ್ಲಿ ಆ ಮಚ್ಚೆಯ ಅರ್ಥ ಒಂದು. ಮೂವತ್ತು ವರ್ಷ ಬೀಡಿ ಸೇದಿ, ಆರು ತಿಂಗಳಿಂದ ತೂಕ ಕಳೆದುಕೊಳ್ಳುತ್ತಿರುವ ಅರುವತ್ತರ ವ್ಯಕ್ತಿಯಲ್ಲಿ ಅರ್ಥ ಇನ್ನೊಂದು. ನೆರಳು ಒಂದೇ. ಬೇರೆಯಾದದ್ದು ಚೀಟಿ.

ಎರಡನೆಯ ಮಹಾಯುದ್ಧದ ಅನಂತರ ಅಮೆರಿಕದಲ್ಲಿ ಕ್ಷಯರೋಗವನ್ನು ಪತ್ತೆಮಾಡಲು ಸಹಸ್ರಾರು ಜನರ ಎದೆಯ ಚಿತ್ರಗಳನ್ನು ತೆಗೆಯುತ್ತಿದ್ದರು. ಯಾವ ಅಳತೆಯ ಫಿಲ್ಮು ಉತ್ತಮ, ದೊಡ್ಡದೋ ಚಿಕ್ಕದೋ ಎಂಬ ಚರ್ಚೆ ಎದ್ದಿತು. ಯೆರುಶಲ್ಮಿ ಎಂಬ ಸಂಖ್ಯಾಶಾಸ್ತ್ರಜ್ಞನೂ ಅವನ ಜೊತೆಗಾರರೂ ಸಾವಿರಕ್ಕೆ ಮಿಕ್ಕಿದ ಜನರ ಚಿತ್ರಗಳನ್ನು ನಾಲ್ಕು ಬಗೆಯಲ್ಲಿ ತೆಗೆಸಿ, ಐವರು ತಜ್ಞರಿಗೆ ಪ್ರತ್ಯೇಕವಾಗಿ ಓದಲು ಕೊಟ್ಟರು. ೧೯೪೭ರಲ್ಲಿ ಫಲಿತಾಂಶ ಪ್ರಕಟವಾಯಿತು. ಫಿಲ್ಮುಗಳ ನಡುವಣ ವ್ಯತ್ಯಾಸಕ್ಕಿಂತ ಓದುಗರ ನಡುವಣ ವ್ಯತ್ಯಾಸವೇ ದೊಡ್ಡದಾಗಿತ್ತು! ಸ್ಯಾನ್ ಫ್ರಾನ್ಸಿಸ್ಕೋದ ವಿಕಿರಣತಜ್ಞ ಗಾರ್ಲೆಂಡ್ ೧೯೪೯ರಲ್ಲಿ ಈ ವಿಷಯವನ್ನು ತನ್ನ ಸಹೋದ್ಯೋಗಿಗಳ ಮುಂದೆ ಎತ್ತಿ ಹಿಡಿದನು. ರೋಗದ ಗುರುತಿದ್ದ ಚಿತ್ರಗಳ ಪೈಕಿ ಸುಮಾರು ಮೂರರಲ್ಲೊಂದು ಪಾಲು ಅನುಭವಿಗಳ ಕಣ್ಣಿಗೂ ತಪ್ಪಿಹೋಗುತ್ತಿತ್ತು. ಅದಕ್ಕಿಂತ ಬೆರಗಿನ ಸಂಗತಿಯೆಂದರೆ, ಅದೇ ತಜ್ಞನಿಗೆ ಅದೇ ಚಿತ್ರಗಳನ್ನು ಕೆಲಕಾಲದ ಮೇಲೆ ಮತ್ತೆ ಕೊಟ್ಟರೆ ಐದರಲ್ಲೊಂದು ಸಲದಷ್ಟು ಅವನು ತನ್ನ ಹಿಂದಿನ ಮಾತಿಗೇ ಒಪ್ಪುತ್ತಿರಲಿಲ್ಲ. ತಮ್ಮ ಕಸುಬಿನ ಕುಂದನ್ನು ತಾವೇ ಅಳೆದು ತಾವೇ ಅಚ್ಚು ಹಾಕಿಸಿದ ಆ ಜನರ ಪ್ರಾಮಾಣಿಕತೆಗೆ ತಲೆಬಾಗಬೇಕು. ನಮ್ಮ ವ್ಯಾಪಾರಿ ಸಂಘಗಳಲ್ಲಿ ಅಂಥ ಒಂದು ವರದಿ ಬಂದದ್ದನ್ನು ನಾನಂತೂ ಕಂಡಿಲ್ಲ.

ನಮ್ಮ ನಾಡಿನಲ್ಲಿಯೂ ಇದಕ್ಕೆ ಸಂಬಂಧಿಸಿದ ಒಂದು ಅಧ್ಯಾಯವಿದೆ. ೧೯೫೯ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಎಕ್ಸ್-ರೇ ಸಮೀಕ್ಷೆ ನಡೆಸಿದರು. ಎದೆಯಲ್ಲಿ ನೆರಳಿದ್ದವರ ಕಫವನ್ನು ಪರೀಕ್ಷಿಸಿದರು. ರೋಗಿಗಳನ್ನು ಕಂಡು ಮಾತನಾಡಿಸಿದರು. ಕ್ಷಯವುಳ್ಳವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತಮಗೆ ಕಾಯಿಲೆಯಿದೆಯೆಂದು ಅರಿತು ಆಗಲೇ ಯಾವುದಾದರೊಂದು ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದರೆಂದು ತಿಳಿದುಬಂದಿತು. ೧೯೬೨ರಲ್ಲಿ ದೇಶದ ಕ್ಷಯ ನಿಯಂತ್ರಣ ಕಾರ್ಯಕ್ರಮ ರೂಪುಗೊಂಡಾಗ, ಕೆಮ್ಮುತ್ತ ತಾನಾಗಿ ಬಂದವನ ಮಾತನ್ನು ಕೇಳಿ ಅವನ ಕಫವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಸರಳ ವಿಧಾನಕ್ಕೆ ಮುಖ್ಯ ಸ್ಥಾನ ದೊರೆಯಿತು. ನೆರಳಿನ ಚಿತ್ರಕ್ಕಿಂತ ರೋಗಿಯ ಬಾಯಿಯ ಮಾತಿಗೆ ಬೆಲೆ ಬಂದ ಪ್ರಸಂಗವಿದು ಎಂದು ನಾನು ಭಾವಿಸುತ್ತೇನೆ.

ಹಾಗಾದರೆ ಚೀಟಿಯಿಂದ ಕಣ್ಣಿಗೆ ಸಹಾಯವೋ, ಮಬ್ಬೋ? ಇದನ್ನೂ ಪರೀಕ್ಷಿಸಿ ನೋಡಿದವರಿದ್ದಾರೆ. ೧೯೮೮ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು ಮೂಳೆ ಮುರಿತದ ಚಿತ್ರಗಳನ್ನು ತಜ್ಞರಿಗೆ ಕೊಟ್ಟು, ನೋವು ಎಲ್ಲಿದೆಯೆಂದು ತಿಳಿಸಿದಾಗ ಕೂದಲೆಳೆಯಂಥ ಬಿರುಕುಗಳು ಹೆಚ್ಚು ಪತ್ತೆಯಾಗುವುದನ್ನು ಕಂಡರು. ‘ಕಿರುಬೆರಳಿನ ಬುಡದಲ್ಲಿ ಒತ್ತಿದರೆ ನೋವು’ ಎಂಬ ನಾಲ್ಕು ಶಬ್ದ ಸಾಕು, ಕಣ್ಣು ಅಲ್ಲಿಗೆ ಹೋಗಿ ನಿಲ್ಲುತ್ತದೆ. ೨೦೦೪ರಲ್ಲಿ ಆಸ್ಟ್ರೇಲಿಯದ ಇಬ್ಬರು ಸಂಶೋಧಕರು ಅದುವರೆಗಿನ ಇಂಥ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ತೂಗಿದಾಗಲೂ, ರೋಗಿಯ ವೃತ್ತಾಂತ ಗೊತ್ತಿದ್ದರೆ ರೋಗ ಹೆಚ್ಚು ಪತ್ತೆಯಾಗುತ್ತದೆ, ಇಲ್ಲದ ರೋಗವನ್ನು ಇದೆಯೆನ್ನುವ ದೋಷ ಅದರಿಂದ ಏರುವುದಿಲ್ಲ ಎಂಬುದೇ ಒಟ್ಟಿನ ನಿರ್ಣಯವಾಯಿತು. ಚೀಟಿ ಬೇಕು ಎನ್ನುವ ಪಕ್ಷ ಬಲವಾಗಿದೆ.

ಎದುರು ಪಕ್ಷವೂ ದುರ್ಬಲವಲ್ಲ. ೧೯೯೭ರಲ್ಲಿ ಅಮೆರಿಕದಲ್ಲಿ ಹತ್ತು ಮಂದಿ ವಿಕಿರಣತಜ್ಞರಿಗೆ ನೂರು ಸ್ತ್ರೀಯರ ಸ್ತನ ಚಿತ್ರಗಳನ್ನು ತಿಂಗಳುಗಳ ಅಂತರದಲ್ಲಿ ಎರಡೆರಡು ಸಲ ಓದಲು ಕೊಟ್ಟರು. ಕೆಲವು ಚಿತ್ರಗಳ ಜೊತೆಗೆ ಇಟ್ಟ ವೃತ್ತಾಂತವನ್ನು ಬೇಕೆಂದೇ ಬದಲಿಸಿದ್ದರು. ಭಯ ಹುಟ್ಟಿಸುವ ವೃತ್ತಾಂತವಿದ್ದರೆ ತಜ್ಞರು ಹೆಚ್ಚಿನ ತಪಾಸಣೆ ಬೇಕೆಂದು ಬರೆಯುವ ಕಡೆಗೆ ವಾಲಿದರು. ನಿರಾಳವಾದ ವೃತ್ತಾಂತವಿದ್ದರೆ ಆ ಸಂಶಯ ಇಳಿಯಿತು. ಚಿತ್ರ ಕಿಂಚಿತ್ತೂ ಬದಲಾಗಿರಲಿಲ್ಲ. ವೃತ್ತಾಂತದಿಂದ ಸಂಶಯದ ಮಟ್ಟ ಏರಿಳಿಯಿತೇ ಹೊರತು ನಿದಾನದ ಗುಣವೇನೂ ಮೇಲಾಗಲಿಲ್ಲ. ಸಂಶಯ ಏರಿದಾಗ ಆರೋಗ್ಯವಂತೆಗೆ ಸೂಜಿಯ ಚುಚ್ಚು ಮತ್ತು ಅನೇಕ ರಾತ್ರಿಗಳ ನಿದ್ರಾಭಂಗ. ಇಳಿದಾಗ ರೋಗವಿದ್ದವಳಿಗೆ ಮರಳಿ ಬಾರದ ಕಾಲದ ನಷ್ಟ. ಎರಡೂ ಹಿಂಸೆಯೇ. ಯಾರಲ್ಲೂ ಕೆಟ್ಟ ಸಂಕಲ್ಪವಿರದೆ ನಡೆದುಹೋಗುವ ಹಿಂಸೆ ಎಂಬುದೊಂದು ವಿಶೇಷ.

೨೦೧೩ರಲ್ಲಿ ಪ್ರಕಟವಾದ ಮತ್ತೊಂದು ಪ್ರಯೋಗವನ್ನು ಹೇಳದೆ ಮುಂದೆ ಹೋಗಲಾರೆ. ಶ್ವಾಸಕೋಶದ ಸಿ.ಟಿ. ಚಿತ್ರಗಳಲ್ಲಿ ಸಣ್ಣ ಗಂಟುಗಳನ್ನು ಹುಡುಕಿರೆಂದು ೨೪ ಮಂದಿ ವಿಕಿರಣತಜ್ಞರಿಗೆ ಹೇಳಿದರು. ಕೊನೆಯ ಚಿತ್ರದಲ್ಲಿ ಒಂದು ಗೊರಿಲ್ಲಾ ಕಪಿಯ ಆಕೃತಿಯನ್ನು ಸೇರಿಸಿಟ್ಟಿದ್ದರು. ಅದು ಸಾಮಾನ್ಯ ಗಂಟಿನ ೪೮ ಪಟ್ಟು ದೊಡ್ಡದು! ೨೪ರಲ್ಲಿ ೨೦ ಮಂದಿಗೆ ಅದು ಕಾಣಲಿಲ್ಲ. ಕಣ್ಣಿನ ಚಲನೆಯನ್ನು ಅಳೆಯುವ ಯಂತ್ರದಿಂದ ನೋಡಿದರೆ, ಆ ಇಪ್ಪತ್ತರಲ್ಲಿ ೧೨ ಮಂದಿಯ ದೃಷ್ಟಿ ನೇರವಾಗಿ ಕಪಿಯ ಮೇಲೆಯೇ ಹಾದುಹೋಗಿತ್ತು. ಇದನ್ನು ಕೇಳಿ ನಗುವವರು ನಗಲಿ. ‘ಗಂಟು ಹುಡುಕು’ ಎಂಬ ಮಾತು ಎಷ್ಟು ಬಲವಾಗಿ ಮನಸ್ಸನ್ನು ಕಟ್ಟಿಹಾಕಿತೆಂಬುದನ್ನು ಗಮನಿಸಬೇಕು. ಹುಡುಕಿದ್ದು ಸಿಕ್ಕಿದೊಡನೆ ಹುಡುಕಾಟ ನಿಂತುಬಿಡುವ ದೋಷವನ್ನೂ ವಿಕಿರಣತಜ್ಞರು ಬಹಳ ಹಿಂದೆಯೇ ಗುರುತಿಸಿದ್ದಾರೆ. ಒಂದು ಮುರಿತ ಕಂಡಿತು, ವರದಿ ಬರೆದದ್ದಾಯಿತು; ಪಕ್ಕದ ಇನ್ನೊಂದು ಮುರಿತ ಹಾಗೆಯೇ ಉಳಿಯಿತು.

ನಾಲ್ಕು ದಶಕ ಅಡಿಕೆ ಮಂಡಿಯಲ್ಲಿ ಕುಳಿತವನಿಗೆ ಇದು ಅಪರಿಚಿತವಲ್ಲ. ಚೀಲಕ್ಕೆ ಕೈ ಹಾಕುವ ಮುಂಚೆ ‘ಇದು ಇಂಥವರ ತೋಟದ ಮಾಲು’ ಎಂದು ಯಾರಾದರೂ ಕಿವಿಯಲ್ಲಿ ಹೇಳಿದರೆ, ಬೆರಳಿಗೆ ಸಿಕ್ಕ ಗೊರಬಲೂ ರಾಶಿ ಅಡಿಕೆಯಂತೆ ತೋರುತ್ತದೆ. ಹೆಸರು ಕೆಟ್ಟವರ ಮಾಲಿನಲ್ಲಿ ಒಳ್ಳೆಯ ಅಡಿಕೆಯೂ ಮಂಕಾಗಿ ಕಾಣುತ್ತದೆ. ಹಳೆಯ ಮಂಡಿಯವರಲ್ಲಿ ಕೆಲವರು ಮೊದಲು ಅಡಿಕೆಯನ್ನು ಒಡೆದು ನೋಡಿ, ಮನಸ್ಸಿನಲ್ಲೇ ಒಂದು ದರ ನಿಶ್ಚಯಿಸಿಕೊಂಡು, ಆಮೇಲೆ ‘ಯಾರದಪ್ಪಾ ಇದು?’ ಎಂದು ಕೇಳುತ್ತಿದ್ದರು. ಹೆಸರು ಕೇಳಿದ ಮೇಲೆ ಇನ್ನೊಂದು ಅಡಿಕೆ ಒಡೆಯುತ್ತಿದ್ದರು. ಲೆಕ್ಕಪರಿಶೋಧನೆಯಲ್ಲೂ ಹೀಗೆಯೇ. ಹಿಂದಿನ ವರ್ಷದ ಟಿಪ್ಪಣಿಯನ್ನೇ ಮುಂದಿಟ್ಟುಕೊಂಡು ಕುಳಿತ ಪರಿಶೋಧಕನಿಗೆ ಹಿಂದಿನ ವರ್ಷದ ತಪ್ಪುಗಳೇ ಸಿಗುತ್ತವೆ. ಟಿಪ್ಪಣಿಯನ್ನು ನೋಡದೆಯೇ ಮುಗಿಸಿದವನು ಅದೇ ಹಳ್ಳದಲ್ಲಿ ಮತ್ತೆ ಬೀಳುತ್ತಾನೆ.

ನಮ್ಮ ಶಾಸ್ತ್ರಗಳಲ್ಲಿ ಈ ಕ್ರಮದ ವಿಚಾರ ಬಂದಿರುವುದು ವಾಚಕರಿಗೆ ನೆನಪಿರಬಹುದು. ತತ್ತ್ವಾರ್ಥಸೂತ್ರದ ಪ್ರಥಮಾಧ್ಯಾಯದಲ್ಲಿ ಮತಿಜ್ಞಾನಕ್ಕೆ ಅವಗ್ರಹ, ಈಹಾ, ಅವಾಯ, ಧಾರಣಾ ಎಂಬ ನಾಲ್ಕು ಮೆಟ್ಟಿಲುಗಳನ್ನು ಹೇಳಿದೆ. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಕೊಡುವ ನಿದರ್ಶನ ಎಕ್ಸ್-ರೇ ಕೋಣೆಗೆಂದೇ ಹೇಳಿದಂತಿದೆ. ದೂರದಲ್ಲಿ ಏನೋ ಬಿಳಿಯದು ಕಂಡಿತು, ಅದು ಅವಗ್ರಹ. ಅದು ಬೆಳ್ಳಕ್ಕಿಯೋ, ಬಾವುಟವೋ ಎಂದು ವಿಶೇಷವನ್ನು ತಿಳಿಯಬಯಸುವುದು ಈಹಾ. ಅದು ಮೇಲೇಳುತ್ತಿದೆ, ಕೆಳಗಿಳಿಯುತ್ತಿದೆ, ರೆಕ್ಕೆ ಬಡಿಯುತ್ತಿದೆ, ಆದ್ದರಿಂದ ಬೆಳ್ಳಕ್ಕಿಯೇ ಎಂಬ ನಿಶ್ಚಯ ಅವಾಯ. ಬೆಳಿಗ್ಗೆ ಕಂಡ ಬೆಳ್ಳಕ್ಕಿಯೇ ಇದು ಎಂದು ಕಾಲಾಂತರದಲ್ಲಿ ಮರೆಯದೆ ಗುರುತಿಸುವುದು ಧಾರಣಾ. ಇಲ್ಲಿ ‘ಬಿಳಿಯದು ಕಂಡಿತು’ ಎಂಬುದು ಮೊದಲು ಬರಬೇಕು. ‘ಬೆಳ್ಳಕ್ಕಿ ಬರುತ್ತದೆ ನೋಡು’ ಎಂದು ಮೊದಲೇ ಹೇಳಿಬಿಟ್ಟರೆ ಅವಗ್ರಹದ ಸ್ಥಾನದಲ್ಲಿ ಅವಾಯ ಬಂದು ಕುಳಿತಂತಾಯಿತು. ಹಾಗೆಂದು ಈಹೆಯ ಹಂತದಲ್ಲಿ ಬೇಕಾದ ಲಕ್ಷಣಗಳನ್ನು, ರೆಕ್ಕೆ ಬಡಿಯುವುದನ್ನು, ಅವನಿಂದ ಬಚ್ಚಿಟ್ಟರೆ ಅವನು ಸಂಶಯದಲ್ಲೇ ತೂಗಾಡಬೇಕಾಗುತ್ತದೆ. ಆಚಾರ್ಯರು ಆತ್ಮಜ್ಞಾನದ ಮಾರ್ಗಕ್ಕಾಗಿ ಹೇಳಿದ್ದನ್ನು ಆಸ್ಪತ್ರೆಗೆ ಎಳೆದು ತಂದೆನೆಂದು ಕೆಲವು ಪಂಡಿತರು ಆಕ್ಷೇಪಿಸಬಹುದು. ಕಣ್ಣು ಒಂದೇ, ಮತಿಯೂ ಒಂದೇ ಎಂಬುದಷ್ಟೇ ನನ್ನ ಸಮಾಧಾನ.

ಹೀಗೆ ವಿಚಾರಮಾಡಿದಾಗ ನನಗೆ ತೋರುವುದು ಇದು. ಚೀಟಿಯಲ್ಲಿ ಎರಡು ಜಾತಿಯ ಮಾತುಗಳಿರುತ್ತವೆ. ಒಂದು, ನಡೆದದ್ದು: ಮೂರು ವಾರದ ಕೆಮ್ಮು, ಸಂಜೆಯ ಜ್ವರ, ಕಫದಲ್ಲಿ ರಕ್ತ, ಐದು ಕಿಲೋ ತೂಕ ಇಳಿದಿದೆ, ಹತ್ತು ವರ್ಷದ ಹಿಂದೆ ಒಂದು ಶಸ್ತ್ರಚಿಕಿತ್ಸೆ ಆಗಿತ್ತು. ಇನ್ನೊಂದು, ತೀರ್ಪು: ‘ಇದು ಕ್ಷಯ’. ಮೊದಲನೆಯದನ್ನು ಎಷ್ಟು ಕೊಟ್ಟರೂ ಹೆಚ್ಚಲ್ಲ. ಎರಡನೆಯದನ್ನು, ನೋಡುವವನು ಒಮ್ಮೆ ತನ್ನ ಕಣ್ಣಿನಿಂದ ನೋಡುವ ತನಕ ತಡೆದಿಡುವುದು ಒಳ್ಳೆಯದು. ಚಿಕಿತ್ಸೆ ಮಾಡುವ ವೈದ್ಯರು ತಮ್ಮ ಸಂಶಯವನ್ನು ಪ್ರಶ್ನೆಯ ರೂಪದಲ್ಲಿ ಬರೆಯುವುದು ವಾಡಿಕೆ. ಅದರಲ್ಲಿ ದೋಷವಿಲ್ಲ, ಪ್ರಶ್ನೆ ಪ್ರಶ್ನೆಯಾಗಿಯೇ ಉಳಿದರೆ. ಅನೇಕ ತಜ್ಞರು ಮೊದಲು ಚಿತ್ರವನ್ನು ಮೂಲೆಮೂಲೆಯೂ ಬಿಡದೆ ನೋಡಿ, ಅನಂತರ ಚೀಟಿ ಓದಿ, ಮತ್ತೆ ಚಿತ್ರಕ್ಕೆ ಮರಳುವ ಅಭ್ಯಾಸ ಇಟ್ಟುಕೊಂಡಿದ್ದಾರೆ. ಎಲ್ಲ ಕಡೆ ಇದು ಸಾಧ್ಯವಿಲ್ಲವೆಂಬುದೂ ನಿಜ. ಸಿ.ಟಿ.ಗೆ ಮುಂಚೆ ರಕ್ತನಾಳಕ್ಕೆ ಔಷಧ ಚುಚ್ಚಬೇಕಾದರೆ ಮೂತ್ರಪಿಂಡದ ಸ್ಥಿತಿ ಗೊತ್ತಿರಬೇಕು, ಎಂ.ಆರ್.ಐ.ಗೆ ಮುಂಚೆ ದೇಹದಲ್ಲಿ ಲೋಹವಿದೆಯೇ ಎಂದು ತಿಳಿಯಬೇಕು. ಸ್ತ್ರೀಯರಾದರೆ ಗರ್ಭದ ವಿಚಾರ ಕೇಳಲೇಬೇಕು. ದಿನಕ್ಕೆ ನೂರಾರು ಚಿತ್ರ ಓದುವವರಿಗೆ ಎರಡೆರಡು ಸಲ ನೋಡಿರೆಂದು ಹೇಳುವುದು ಸುಲಭ, ಸಂಬಳ ಕೊಡುವವರು ಯೋಚಿಸಬೇಕು.

ಇನ್ನು ನಮ್ಮ ಪಾಲಿನ ವಿಚಾರಕ್ಕೆ ಬರುತ್ತೇನೆ. ನಮ್ಮ ಕುಟುಂಬಗಳಲ್ಲಿ ರೋಗದ ವೃತ್ತಾಂತವನ್ನು ಬಚ್ಚಿಡುವ ಚಾಳಿ ಬಹಳವಿದೆ. ಚಿಕ್ಕಪ್ಪನಿಗೆ ಕ್ಷಯವಿತ್ತೆಂದು ಹೇಳಬಾರದು, ಅಜ್ಜಿ ಸ್ತನ ಕ್ಯಾನ್ಸರಿನಿಂದ ತೀರಿಕೊಂಡರೆಂದು ಹೇಳಬಾರದು, ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಾಳೆ. ವ್ರತನಿಯಮದ ಮನೆಯ ಮಗ ಗುಟ್ಕಾ ತಿನ್ನುತ್ತಾನೆಂದು ವೈದ್ಯರ ಮುಂದೆ ತಂದೆ ಬಾಯಿ ಬಿಡುವುದಿಲ್ಲ. ಸಂಬಂಧ ಕುದುರಿಸುವವರಿಂದ ಮುಚ್ಚಿಡುವುದು ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ; ಅದನ್ನು ಇಲ್ಲಿ ಎತ್ತುವುದಿಲ್ಲ. ವೈದ್ಯರಿಂದ ಮುಚ್ಚಿಟ್ಟರೆ ಆ ಅಸತ್ಯದ ಫಲ ಬೀಳುವುದು ಆ ಮಗಳ ಮೇಲೆಯೇ. ಅಜ್ಜಿಗೆ ಮಾತ್ರವಲ್ಲದೆ ದೊಡ್ಡಮ್ಮನಿಗೂ ಆ ರೋಗವಿತ್ತೆಂದು ತಿಳಿದರೆ, ಯಾವ ವಯಸ್ಸಿನಿಂದ ತಪಾಸಣೆ, ಎಷ್ಟು ತಿಂಗಳಿಗೊಮ್ಮೆ ಎಂಬ ಲೆಕ್ಕವೇ ಬೇರೆಯಾಗುತ್ತದೆ. ಸ್ತನ ಚಿತ್ರ ಓದುವವರ ಕಣ್ಣು ವೃತ್ತಾಂತದಿಂದ ವಾಲಬಹುದೆಂದು ಮೇಲೆ ಹೇಳಿದ್ದೇನೆ. ವಾಲುವ ಕಣ್ಣನ್ನು ತಿದ್ದಿಕೊಳ್ಳುವುದು ತಜ್ಞರ ಧರ್ಮ; ಅದರ ನೆಪದಲ್ಲಿ ಸುಳ್ಳು ಹೇಳಲು ನಮಗೆ ಪರವಾನಗಿ ಸಿಗುವುದಿಲ್ಲ.

ಎರಡನೆಯ ಅಭಿಪ್ರಾಯ ಕೇಳಲು ಇನ್ನೊಬ್ಬ ತಜ್ಞರಲ್ಲಿಗೆ ಹೋಗುವಾಗ ಮೊದಲ ವರದಿಯನ್ನು ತೋರಿಸಬೇಕೆ ಎಂದು ಅನೇಕ ಬಂಧುಗಳು ನನ್ನನ್ನು ಕೇಳಿದ್ದಾರೆ. ತೋರಿಸದಿದ್ದರೆ ಮಾಯಾಚಾರದ ದೋಷ ಬರುವುದಿಲ್ಲವೆ ಎಂಬುದು ಅವರ ಅಳುಕು. ನನ್ನ ಉತ್ತರ ಇಷ್ಟು. ಹಿಂದಿನವರು ತೆಗೆದ ಚಿತ್ರಗಳನ್ನು ಅಗತ್ಯವಾಗಿ ಕೊಡಿ, ಹಳೆಯದಾದಷ್ಟೂ ಉತ್ತಮ. ಶ್ವಾಸಕೋಶದಲ್ಲಿ ಕಂಡ ಗಟ್ಟಿಯಾದ ಸಣ್ಣ ಗಂಟು ಎರಡು ವರ್ಷದ ಹಿಂದಿನ ಚಿತ್ರದಲ್ಲೂ ಅದೇ ಗಾತ್ರದಲ್ಲಿದ್ದರೆ ಸಾಮಾನ್ಯವಾಗಿ ಭಯವಿಲ್ಲವೆಂದು ತಿಳಿಯುತ್ತಾರೆ. ಒಂದು ಹಳೆಯ ಫಿಲ್ಮು ಒಂದು ಶಸ್ತ್ರಚಿಕಿತ್ಸೆಯನ್ನು ತಪ್ಪಿಸಬಲ್ಲದು. ಬೆಳಿಗ್ಗೆ ಕಂಡ ಬೆಳ್ಳಕ್ಕಿ ಎಂದು ಪೂಜ್ಯಪಾದರು ಹೇಳಿದ್ದು ಇದನ್ನೇ. ಹಿಂದಿನವರ ತೀರ್ಪನ್ನು ಮಾತ್ರ ಲಕೋಟೆಯಲ್ಲಿಡಿ. ‘ವರದಿಯೊಂದು ಇದೆ, ತಾವು ಒಮ್ಮೆ ನೋಡಿದ ಮೇಲೆ ಕೊಡುತ್ತೇನೆ’ ಎಂದು ಮುಕ್ತವಾಗಿ ಹೇಳಿ. ಇದೆಯೆಂದು ಹೇಳಿ ತಡೆದು ಕೊಡುವುದರಲ್ಲಿ ಮಾಯೆ ಎಲ್ಲಿ ಬಂತು? ಇದಕ್ಕೆ ಬೇಸರಪಟ್ಟ ತಜ್ಞರು ಕಡಿಮೆ. ಸಂತೋಷಪಟ್ಟವರನ್ನು ನಾನು ಬಲ್ಲೆ.

ಬಸದಿಯ ಟ್ರಸ್ಟುಗಳಿಗೆ ಒಂದೆರಡು ಮಾತು. ಇಂದು ನಮ್ಮ ಅನೇಕ ಟ್ರಸ್ಟುಗಳು ತಪಾಸಣಾ ಶಿಬಿರ ನಡೆಸುತ್ತವೆ, ಕೆಲವು ಕಡಿಮೆ ದರದ ಸ್ಕ್ಯಾನ್ ಕೇಂದ್ರಗಳನ್ನೂ ನಡೆಸುತ್ತವೆ. ಯಂತ್ರಕ್ಕೆ ದಾನ ಕೊಟ್ಟವರ ಹೆಸರಿನ ಶಿಲಾಫಲಕ ಗೋಡೆಯ ತುಂಬ ಇರುತ್ತದೆ. ರೋಗಿಯ ವೃತ್ತಾಂತ ಬರೆಯಲು ನಮೂನೆಯಲ್ಲಿ ಒಂದು ಗೆರೆ ಇರುತ್ತದೆ. ಆ ಗೆರೆಯಲ್ಲಿ ‘ಹೊಟ್ಟೆನೋವು’ ಎಂದು ಬರೆದಿರುತ್ತಾರೆ. ಎಷ್ಟು ದಿನದಿಂದ, ಎಲ್ಲಿ, ಊಟದ ಮೊದಲೋ ಅನಂತರವೋ? ಲಕ್ಷಗಟ್ಟಲೆಯ ಯಂತ್ರಕ್ಕೆ ಐದು ಪೈಸೆಯ ಕಾಗದದಲ್ಲಿ ಜಾಗ ಸಾಲದೆ ಹೋದದ್ದು ಲೆಕ್ಕ ಬಲ್ಲ ನಮ್ಮಂಥವರಿಗೆ ಶೋಭಿಸುವುದಿಲ್ಲ. ಇನ್ನೊಂದು ಸಂಗತಿ ಹೇಳಲು ಸಂಕೋಚ, ಆದರೂ ಹೇಳಬೇಕು. ಪದಾಧಿಕಾರಿಗಳು ತಜ್ಞರಿಗೆ ದೂರವಾಣಿ ಮಾಡಿ ‘ನಮ್ಮ ಬೇಕಾದವರು, ಏನೂ ಇರಲಾರದು, ಸ್ವಲ್ಪ ನೋಡಿ’ ಎನ್ನುತ್ತಾರೆ. ಅವರ ಉದ್ದೇಶ ವಾತ್ಸಲ್ಯ. ಆದರೆ ಆ ‘ಏನೂ ಇರಲಾರದು’ ಎಂಬುದು ಚೀಟಿಯ ಮೇಲೆ ಬರೆದ ತೀರ್ಪಿಗಿಂತ ಭಾರವಾಗಿ ಆ ವೈದ್ಯರ ಕಣ್ಣಿನ ಮೇಲೆ ಕೂರುತ್ತದೆ, ಸಂಬಳ ಕೊಡುವವರ ಬಾಯಿಂದ ಬಂದದ್ದಲ್ಲವೆ?

ಗಣಕಯಂತ್ರವೇ ಚಿತ್ರ ಓದುವ ಕಾಲ ಬಂದಿದೆ, ಅದಕ್ಕೆ ಪಕ್ಷಪಾತವಿಲ್ಲ ಎನ್ನುವವರಿದ್ದಾರೆ. ೨೦೨೩ರಲ್ಲಿ ಪ್ರಕಟವಾದ ಜರ್ಮನಿಯ ಒಂದು ಪ್ರಯೋಗದಲ್ಲಿ ೨೭ ಮಂದಿ ವಿಕಿರಣತಜ್ಞರಿಗೆ ಸ್ತನ ಚಿತ್ರಗಳ ಜೊತೆಗೆ ‘ಯಂತ್ರದ ಅಭಿಪ್ರಾಯ’ ಎಂದು ಒಂದು ಸೂಚನೆ ತೋರಿಸಿದರು. ಕೆಲವು ಸೂಚನೆಗಳು ಬೇಕೆಂದೇ ತಪ್ಪಾಗಿದ್ದವು. ಸೂಚನೆ ಸರಿಯಿದ್ದಾಗ ಬಹಳ ಅನುಭವವುಳ್ಳವರು ಶೇಕಡಾ ೮೨ರಷ್ಟು ಸಲ ಸರಿಯಾಗಿ ಹೇಳಿದರು. ತಪ್ಪಿದ್ದಾಗ ಅದು ಶೇಕಡಾ ೪೫ರ ಆಸುಪಾಸಿಗೆ ಇಳಿಯಿತು. ಅನುಭವ ಕಡಿಮೆಯಿದ್ದವರದು ಶೇಕಡಾ ೮೦ರಿಂದ ೨೦ಕ್ಕೆ. ಯಂತ್ರದ ಮಾತೂ ಕೊನೆಗೆ ಒಂದು ಚೀಟಿಯೇ ಆಯಿತು.

ವರದಿಗಳ ಕೊನೆಯಲ್ಲಿ ‘ರೋಗಲಕ್ಷಣಗಳೊಂದಿಗೆ ತಾಳೆ ನೋಡುವುದು’ ಎಂಬ ಅರ್ಥದ ಒಂದು ಸಾಲು ಬಹಳ ಸಲ ಇರುತ್ತದೆ. ಹಣ ಕೊಟ್ಟರೂ ಖಚಿತವಾಗಿ ಹೇಳಲಿಲ್ಲವೆಂದು ಅದನ್ನು ಓದಿ ಸಿಡಿಮಿಡಿಗೊಳ್ಳುವವರುಂಟು. ತಜ್ಞರು ಅಲ್ಲಿ ಹೇಳುತ್ತಿರುವುದು, ನಾನು ಕಂಡದ್ದು ಇಷ್ಟು, ನನಗೆ ಹೇಳದೆ ಉಳಿದದ್ದು ನಿಮ್ಮಲ್ಲಿದೆ, ಎರಡನ್ನೂ ಸೇರಿಸಿ ನೋಡಿ ಎಂದು. ನಾನು ಬಲ್ಲ ಒಂದು ಟ್ರಸ್ಟಿನವರು ಈಗ ನಮೂನೆಯಲ್ಲಿ ಎಂಟು ಗೆರೆಗಳನ್ನು ಹಾಕಿಸಿದ್ದಾರೆ. ಹಿಂದಿನ ಚಿತ್ರಗಳಿವೆಯೇ ಎಂದು ಕೇಳುವ ಗೆರೆ ಅದರಲ್ಲಿ ಮೊದಲನೆಯದು. ರೋಗಿಗಳ ಪಕ್ಕದಲ್ಲಿ ಕುಳಿತು ಕೇಳಿ ಬರೆದುಕೊಳ್ಳಲು ನಿವೃತ್ತ ಶಿಕ್ಷಕಿಯೊಬ್ಬರು ವಾರಕ್ಕೆ ಮೂರು ದಿನ ಬರುತ್ತಿದ್ದಾರೆ. ಉಳಿದ ಮೂರು ದಿನಕ್ಕೆ ಯಾರಾದರೂ ಒದಗುವರೇ ಎಂದು ನೋಡುತ್ತಿದ್ದಾರೆ.